ಪಂಚಾಕ್ಷರಿಯವರ ರೋಮನ್ ಕಾಸು

ಗಾಳಿ ಎದ್ದರೆ ಸಾಕು, ನನಗೆ ಪಂಚಾಕ್ಷರಿಯವರ ಯೋಚನೆ ಶುರುವಾಗುತ್ತಿತ್ತು. ಕಿಟಕಿಯ ಹೊರಗೆ ಪಕ್ಕದ ಮನೆಯವರ ಬೋಳು ಮೇಪಲ್ ಮರ ತೂಗಾಡಿದರೆ ಕೈಯ ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಲ್ಲುತ್ತಿದ್ದೆ. ಐವತ್ತು ದಾಟಿದ ಮನುಷ್ಯ. ಎರಡೂ ಕಿವಿ ಹೋದಂತೆಯೇ. ಜನವರಿಯ ಚಳಿಯಲ್ಲಿ ಕೀನ್ಸ್‌ಬರ್ಗ್‌ನ ಖಾಲಿ ಸಮುದ್ರದಂಡೆಯ ಮೇಲೆ ಒಬ್ಬರೇ ತಲೆ ಬಗ್ಗಿಸಿಕೊಂಡು, ಕೋಲಿನ ತುದಿಗೆ ತಟ್ಟೆ ಕಟ್ಟಿದಂಥ ಒಂದು ಯಂತ್ರವನ್ನು ಮರಳಿನ ಮೇಲೆ ಅತ್ತಿತ್ತ ಬೀಸುತ್ತ ನಡೆಯುತ್ತಿರುತ್ತಾರೆ. ಹಿಂದಿನಿಂದ ದೊಡ್ಡ ಅಲೆ ಬಂದರೆ? ನಾಯಿ ಬಂದರೆ? ಪೋಲಿ ಹುಡುಗರು ಕೂಗಿ ಕರೆದು, ಇವರು ತಿರುಗಿ ನೋಡಲಿಲ್ಲವೆಂದು ಸಿಟ್ಟಾದರೆ? ಮಂಜುಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದರೆ ನೋಡುವವರು ಯಾರು?

"ನೀನು ಮಾಡೋ ಚಿಂತೆಗೆ ಯಾರಾದರೂ ಸಂಬಳ ಕೊಟ್ಟಿದ್ದರೆ ಇಷ್ಟೊತ್ತಿಗೆ ನಾವು ಪ್ರಿನ್ಸ್‌ಟನ್‌ನಲ್ಲಿ ಮನೆ ತಗೋಬಹುದಿತ್ತು ಕಣೆ," ಎನ್ನುತ್ತಿದ್ದರು ನನ್ನ ಗಂಡ ಮುಕುಂದ್.

ಅವರಿಗೇನು. ಬೆಳಿಗ್ಗೆ ಎದ್ದು, ಮನೆಗಿದ್ದ ಒಂದೇ ಕಾರು ಹತ್ತಿ, ರೂಟ್ ಒನ್ ಹಿಡಿದು ಆಫೀಸಿಗೆ ಹೋಗಿಬಿಡುತ್ತಿದ್ದರು. ನ್ಯೂ ಜರ್ಸಿಯ ಕೆಂಡಲ್ ಪಾರ್ಕಿನ ಆ ಬಾಡಿಗೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ನಾಲ್ಕು ವರ್ಷದ ವಿಜಿ. ಬೀದಿಯುದ್ದಕ್ಕೂ ಒಂದೇ ಥರದ ಮನೆಗಳು, ಒಂದೇ ಥರದ ಹುಲ್ಲು. ನಡೆಯುವವರು ಯಾರೂ ಇಲ್ಲ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹುಟ್ಟಿ, ಮಹಾರಾಣಿ ಕಾಲೇಜಿನಲ್ಲಿ ಚರಿತ್ರೆ ಓದಿ, ಬಸ್ಸಿನ ತುಂಬ ಗೆಳತಿಯರನ್ನು ಕಟ್ಟಿಕೊಂಡು ಬೆಳೆದ ನನಗೆ ಇಲ್ಲಿ ಡ್ರೈವ್ ಮಾಡಲು ಭಯ, ಫೋನ್ ಎತ್ತಲು ಅದಕ್ಕಿಂತ ಭಯ. ವಿಜಿಗೆ ಜ್ವರ ಬಂದಾಗ ಒಮ್ಮೆ ಡಾಕ್ಟರ ಆಫೀಸಿಗೆ ಫೋನ್ ಮಾಡಿದ್ದೆ. ನಾನು ಹೇಳಿದ್ದನ್ನೇ ಎರಡು ಸಲ, ಮೂರು ಸಲ ಹೇಳಿಸಿ, ಕೊನೆಗೆ ಆ ಹೆಂಗಸು ಬೇಸರವಿಲ್ಲದ ದನಿಯಲ್ಲಿಯೇ, "ಹನಿ, ನಿನ್ನ ಗಂಡನಿಗೆ ಕೊಡು," ಅಂದಳು. ಅಂದಿನಿಂದ ಫೋನ್ ಬಡಿದುಕೊಂಡರೂ ನಾನು ವಿಜಿಯ ಮುಖ ನೋಡುತ್ತಿದ್ದೆ. ಅವಳೇ ಓಡಿಹೋಗಿ "ಹಲೋ, ಮೈ ಮಾಮ್ ಈಸ್ ಹಿಯರ್" ಎಂದು ನನ್ನನ್ನು ಹಿಡಿದುಕೊಡುತ್ತಿದ್ದಳು.

ಪಂಚಾಕ್ಷರಿಯವರನ್ನು ನಾವು ಮೊದಲು ನೋಡಿದ್ದು ಎಪ್ಪತ್ತೈದರ ಯುಗಾದಿಗೆ. ನ್ಯೂ ಬ್ರನ್ಸ್‌ವಿಕ್‌ನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕನ್ನಡದವರೆಲ್ಲ ಸೇರಿ ಒಬ್ಬಟ್ಟಿನೂಟ ಇಟ್ಟುಕೊಂಡಿದ್ದೆವು. ಬೇವಿನ ಸೊಪ್ಪು ಸಿಗದೆ ಯಾರೋ ಹಾಗಲಕಾಯಿ ತಂದಿದ್ದರು. ಗಲಾಟೆಯ ನಡುವೆ ಒಬ್ಬರು, ಬಿಳಿ ಅಂಗಿ, ಹಣೆಯಲ್ಲಿ ತೆಳ್ಳಗೆ ವಿಭೂತಿ, ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲರ ಬಾಯಿಯನ್ನೇ ನೋಡುತ್ತಿದ್ದರು. ಏನು ಮನುಷ್ಯನಪ್ಪ, ಹೀಗೆ ನೋಡುತ್ತಾರಲ್ಲ ಎಂದು ನಾನು ಸೆರಗು ಸರಿಮಾಡಿಕೊಂಡೆ. ಆಮೇಲೆ ತಿಳಿಯಿತು, ಅವರು ನೋಡುತ್ತಿದ್ದದ್ದು ಮಾತನ್ನು.

ಅವರ ಊರು ಚಿತ್ರದುರ್ಗ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿ, ಐವತ್ತೇಳರಲ್ಲಿ ನೇಯ್ಗೆಯ ಎಂಜಿನಿಯರಿಂಗ್ ಕಲಿಯಲೆಂದು ಈ ದೇಶಕ್ಕೆ ಬಂದವರು. ಓದು ಮುಗಿದ ಮೇಲೆ ಪಸಾಯಿಕ್ ಊರಿನ ಒಂದು ಗಿರಣಿಯಲ್ಲಿ ಮಗ್ಗಗಳ ಉಸ್ತುವಾರಿ. ಹಗಲಿಡೀ ನೂರಾರು ಮಗ್ಗ ಬಡಿಯುವ ಹಾಲಿನಲ್ಲಿ ನಿಂತು ನಿಂತು ಕಿವಿ ಒಂದೊಂದಾಗಿ ಕೈಬಿಟ್ಟವು. ಆಮೇಲೆ ಗಿರಣಿಯೂ ಕೈಬಿಟ್ಟಿತು, ಬಾಗಿಲು ಹಾಕಿದರು. ಈಗ ಒಂದು ಶಾಲೆಯ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಮದುವೆಯಾಗಿರಲಿಲ್ಲ. ಯಾಕೆಂದು ಮುಕುಂದ್ ಒಮ್ಮೆ ಊಟಕ್ಕೆ ಕೂತಾಗ ಕೇಳಿಯೇಬಿಟ್ಟರು.

"ಹೆಣ್ಣು ನೋಡಾಕೆ ರಜ ಸಿಗಲಿಲ್ಲಪ್ಪ," ಅಂದರು ಪಂಚಾಕ್ಷರಿ, ಅನ್ನ ಕಲಸುತ್ತ. "ರಜ ಸಿಕ್ಕಾಗ ಕಿವಿ ಇರ್ಲಿಲ್ಲ. ಕಿವುಡನಿಗೆ ಹೆಣ್ಣು ಕೊಟ್ರೆ ಆ ಹುಡುಗಿ ಯಾರ್ ಜೊತೆ ಜಗಳ ಆಡಬೇಕು, ಹೇಳು."

ಅವರು ಭಾನುವಾರ ನಮ್ಮ ಮನೆಗೆ ಬರತೊಡಗಿದ್ದು ಆ ಬೇಸಿಗೆಯಿಂದ. ಕನ್ನಡ ಆಡುವ ತುಟಿಗಳನ್ನು ಅವರು ಓದಬಲ್ಲರು. ಇಂಗ್ಲಿಷ್ ಓದಲಾಗುತ್ತಿರಲಿಲ್ಲ. "ಇವರು ಬಾಯೇ ಬಿಚ್ಚಲ್ಲ ಕೌಸಲ್ಯಮ್ಮ, ಮಾತೆಲ್ಲ ಹಲ್ಲಿನೊಳಗೇ ಆಡ್ತಾರೆ. ನೀವು ನೋಡ್ರಿ, ಸಿಟ್ಟು ಬಂದಾಗಂತೂ ಒಂದೊಂದಕ್ಷರ ಅಚ್ಚು ಹಾಕಿದಂಗೆ ಕಾಣ್ತದೆ." ನಾನು ಅವರೊಂದಿಗೆ ಕೂಗಿ ಮಾತಾಡುವುದನ್ನು ಕೇಳಿ ಪಕ್ಕದ ಮನೆಯಾಕೆ ಒಂದು ದಿನ, ಎಲ್ಲ ಸರಿಯಿದೆಯೇ ಎಂದು ವಿಚಾರಿಸಲು ಬಂದಿದ್ದಳು.

ಗಿರಣಿ ಮುಚ್ಚಿದ ಮೇಲೆ ಹಳೆಯ ಸಾಮಾನು ಮಾರುವವರ ಬಳಿ ಆ ಮೆಟಲ್ ಡಿಟೆಕ್ಟರ್ ಕೊಂಡಿದ್ದರಂತೆ. ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿಕೊಳ್ಳಬೇಕು. ಮರಳಿನಡಿ ಲೋಹವಿದ್ದರೆ ಯಂತ್ರ ಗುಂಯ್ ಎನ್ನುತ್ತದೆ. "ಮನುಷ್ಯರ ದನಿಯೆಲ್ಲ ಅರಳೆ ಮೂಟೆಯೊಳಗಿಂದ ಬಂದಂಗೆ. ಈ ಗುಂಯ್ ಅನ್ನೋದು ಮಾತ್ರ ನೆಟ್ಟಗೆ ಒಳಗೆ ಬರ್ತದೆ," ಅಂದಿದ್ದರು. ಅದನ್ನು ಕೇಳಿ ನಾನು ಒಳಗೆ ಹೋಗಿ ಸುಮ್ಮನೆ ಸಾರಿಗೆ ಇನ್ನೊಂದು ಸಲ ಒಗ್ಗರಣೆ ಹಾಕಿದೆ.

ಮೊದಮೊದಲು ಅವರಿಗೆ ಸಿಕ್ಕಿದ್ದು ಬಾಟಲಿಯ ಮುಚ್ಚಳ, ಮೀನಿನ ಗಾಳ, ಮೋಜಿನ ಪಾರ್ಕಿನ ಟೋಕನ್ನು. ಅಕ್ಟೋಬರಿನ ಒಂದು ಭಾನುವಾರ ಮಾತ್ರ ಅವರು ಬಾಗಿಲಲ್ಲೇ ಕೈ ಚಾಚಿ ನಿಂತರು. ಅಂಗೈಯಲ್ಲಿ ಹತ್ತು ಪೈಸೆಗಿಂತ ಚಿಕ್ಕದೊಂದು ಬಿಲ್ಲೆ. ಹೊಸ ತಂಬಿಗೆಯಂತೆ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಅಂಚಿನ ಹತ್ತಿರ ಒಂದು ಸಣ್ಣ ತೂತು.

"ಒಂದು ಮುಖ ಇತ್ತು ಕೌಸಲ್ಯಮ್ಮ. ಸುತ್ತ ಅಕ್ಷರನೂ ಇದ್ವು. ಹಸಿರಾಗಿ ಕಿಲುಬು ಹಿಡಿದಿತ್ತು ಅಂತ ಹುಣಸೆಹಣ್ಣು, ಉಪ್ಪು ಹಾಕಿ ಚೆನ್ನಾಗಿ ತಿಕ್ಕಿದೆ."

"ಅಯ್ಯೋ ತಿಕ್ಕಿದ್ರಾ!"

"ನಮ್ಮವ್ವ ಸೋಮವಾರ ಸೋಮವಾರ ದೇವರ ಸಾಮಾನು ತಿಕ್ತಿರ್ಲಿಲ್ವಾ ಹಂಗೇ. ತಾಮ್ರ ಅಂದ್ಮೇಲೆ ಹುಣಸೆಹಣ್ಣು ತಾನೆ. ಮುಖ ಎದ್ದು ಬರ್ತದೆ ಅಂದ್ಕೊಂಡೆ. ಮುಖಾನೇ ಎದ್ದು ಹೋತು."

ಉಳಿದದ್ದು ಒಂದು ಗಲ್ಲ, ಕಿವಿಯ ಒಂದು ಸುಳಿ, ಮತ್ತು ಅಂಚಿನಲ್ಲಿ ಇಂಗ್ಲಿಷಿನಂತೆ ಕಾಣುವ ಮೂರೇ ಅಕ್ಷರ. ಆ ಮೂರಕ್ಷರದಿಂದಲೇ, ಕಾಲೇಜಿನ ಚರಿತ್ರೆ ಪುಸ್ತಕದ ಚಿತ್ರಗಳ ನೆನಪಿನಿಂದಲೇ, ಇದು ರೋಮಿನದಿರಬಹುದೇ ಎಂದು ನಾನು ಬಾಯಿ ತಪ್ಪಿ ಅಂದೆ. ಅವರು ನನ್ನ ತುಟಿ ಓದಿ, ಇನ್ನೊಮ್ಮೆ ಹೇಳಿಸಿದರು. ಆಮೇಲೆ ಅವರಿಗೆ ಬೇರೆ ಧ್ಯಾನವೇ ಉಳಿಯಲಿಲ್ಲ.

ಕೆಲಸವಿಲ್ಲದ ಶನಿವಾರಗಳಲ್ಲಿ ಬಸ್ಸು ಹಿಡಿದು ಮ್ಯಾನ್‌ಹಟನ್‌ಗೆ ಹೋಗಿ, ಹಳೆಯ ನಾಣ್ಯಗಳ ಒಂದು ಗ್ರಂಥಾಲಯದಲ್ಲಿ ಕೂತು ಪುಟಗಳ ನಕಲು ಮಾಡಿಸಿಕೊಂಡು ಬಂದರು. ನಾಣ್ಯ ತೊಳೆಯಬಾರದು, ಶುದ್ಧ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ ಹಲ್ಲುಕಡ್ಡಿಯಿಂದ ಮಣ್ಣು ಬಿಡಿಸಬೇಕು ಎಂದು ಅಲ್ಲಿಯ ಯಾರೋ ಕಾಗದದ ಮೇಲೆ ಬರೆದುಕೊಟ್ಟಿದ್ದರು. ನವೆಂಬರಿನಲ್ಲಿ ಬಿರುಗಾಳಿ ಎದ್ದು ದಂಡೆಯ ಮರಳು ಕೊಚ್ಚಿಹೋದ ಮೇಲೆ ಅದೇ ಜಾಗದಲ್ಲಿ ಇನ್ನೆರಡು ಸಿಕ್ಕವು. ಡಿಸೆಂಬರಿನಲ್ಲಿ ಮತ್ತೊಂದು. ಮೂರನ್ನೂ ಅವರು ನಮ್ಮ ಊಟದ ಮೇಜಿಗೆ ತಂದು, ಹಳೆಯ ಟವಲು ಹಾಸಿ, ಭೂತಗನ್ನಡಿ ಹಿಡಿದು ಕೂರುತ್ತಿದ್ದರು. ಒಂದೊಂದಕ್ಕೂ ಒಂದು ದಪ್ಪ ಕಾರ್ಡು. ಲೋಹ ಯಾವುದು, ತೂಕ ಎಷ್ಟು, ಅಡ್ಡಳತೆ ಎಷ್ಟು, ಮುಂದೆ ಏನಿದೆ, ಹಿಂದೆ ಏನಿದೆ, ಸಿಕ್ಕಿದ್ದೆಲ್ಲಿ. ಕೊನೆಯ ಸಾಲು: ಅಲ್ಲಿಗೆ ಹೇಗೆ ಬಂತು. ಆ ಸಾಲನ್ನು ಖಾಲಿ ಬಿಡುತ್ತಿದ್ದರು.

ನನಗೆ ಅಲ್ಲಿಯೂ ಚಿಂತೆಯೇ. ಹಳೆಯ ಕಂಚಿನಲ್ಲಿ ಸೀಸ ಇರುತ್ತದಂತೆ, ವಿಜಿ ಮುಟ್ಟಿ ಬೆರಳು ಬಾಯಿಗಿಟ್ಟರೆ? ನಾಣ್ಯ ಮೇಜಿಗೆ ಬಂದರೆ ಸೋಪು, ಮೇಜಿನಿಂದ ಹೋದರೆ ಸೋಪು ಎಂದು ಅವಳ ಕೈ ಉಜ್ಜಿ ಉಜ್ಜಿ ಕೆಂಪಾಗಿಸಿದ್ದೆ. ಆದರೂ ಅವಳೇ ಒಂದನ್ನು ಗುರುತಿಸಿದಳು. ಪಂಚಾಕ್ಷರಿಯವರು ಒಂದಿಡೀ ಮಧ್ಯಾಹ್ನ ನಾಣ್ಯದ ಹಿಂಬದಿಯನ್ನು ತಿರುಗಿಸಿ ತಿರುಗಿಸಿ, ಇದು ಸೇತುವೆ, ಅಲ್ಲ, ಗಾಡಿ, ಎನ್ನುತ್ತಿರುವಾಗ ಅವಳು ಕುರ್ಚಿ ಹತ್ತಿ ನೋಡಿ, "ಡಾಗಿ! ಡಾಗಿ ವಿತ್ ಬೇಬೀಸ್!" ಅಂದಳು.

ನಾನು ತುಟಿ ಬಿಡಿಸಿ ಹೇಳಿದೆ: "ನಾಯಿಯಂತೆ. ಮರಿ ಇವೆಯಂತೆ."

ಪಂಚಾಕ್ಷರಿಯವರು ಕನ್ನಡಕ ತೆಗೆದು, ಹಾಕಿ, ನಕಲು ಪುಟಗಳನ್ನು ಹರಡಿದರು. ನಾಯಿಯಲ್ಲ, ತೋಳ. ಮರಿಗಳಲ್ಲ, ಎರಡು ಮಕ್ಕಳು. ರೋಮ್ ಕಟ್ಟಿದ ಅಣ್ಣತಮ್ಮಂದಿರಿಗೆ ಹಾಲೂಡಿಸಿದ ತೋಳ. ಇನ್ನೊಂದರಲ್ಲಿ ಈಟಿ ಹಿಡಿದು ನಿಂತ ಇಬ್ಬರು ಸಿಪಾಯಿಗಳು, ನಡುವೆ ಬಾವುಟಗಳು. ಮೂರನೆಯದರಲ್ಲಿ ಹಡಗಿನ ಮೂತಿಯ ಮೇಲೆ ಕಾಲಿಟ್ಟ ದೇವತೆ. ಮೂರೂ ಕಾನ್‌ಸ್ಟಂಟೈನ್ ದೊರೆಯ ಕಾಲದವು, ಸಾವಿರದ ಆರುನೂರು ವರ್ಷ ಹಳೆಯವು, ಆದರೆ ಲಕ್ಷಗಟ್ಟಲೆ ಅಚ್ಚಾದ ಚಿಲ್ಲರೆ ಕಾಸುಗಳು ಎಂದು ಪುಸ್ತಕ ಹೇಳುತ್ತಿತ್ತು. ಚಿಲ್ಲರೆಯಾದರೇನು, ಅವರು ವಿಜಿಯ ಗಲ್ಲ ಹಿಡಿದು, "ಭಲೆ ಭಲೆ, ನಿನಗೊಂದು ಡಿಗ್ರಿ ಕೊಡಬೇಕು ಕಣವ್ವ," ಅಂದರು. ಅವಳು "ವಾಟ್ ಡಿಡ್ ಅಂಕಲ್ ಸೇ?" ಎಂದು ನನ್ನನ್ನು ಕೇಳಿದಳು.

ನಾಲ್ಕು ಕಾಸಿಗೂ ತೂತಿತ್ತು. ಅದೇ ನಮ್ಮನ್ನು ದಾರಿ ತಪ್ಪಿಸಿದ್ದು.

ಬೇರೆಯವರು ಆ ತೂತು ನೋಡಿ ಏನಂದುಕೊಳ್ಳುತ್ತಿದ್ದರೋ. ನನಗೆ ಕಂಡದ್ದು ನಮ್ಮಜ್ಜಿಯ ಕೊರಳು. ಹಬ್ಬದ ದಿನ ಅಜ್ಜಿ ಹಾಕಿಕೊಳ್ಳುತ್ತಿದ್ದ ಕಾಸಿನ ಸರ, ಸಾಲಾಗಿ ಕಾಸುಗಳು, ಒಂದೊಂದರಲ್ಲೂ ಒಂದು ಮುಖ. "ಇದು ಕಾಸಿನ ಸರದ್ದು ಪಂಚಾಕ್ಷರಿಯವರೇ," ಅಂದೆ. ರೋಮಿನವರು ಮೆಣಸಿಗೆಂದು ನಮ್ಮ ಕಡೆಗೆ ಹಡಗಿನಲ್ಲಿ ಬರುತ್ತಿದ್ದರು. ಯಶವಂತಪುರದಲ್ಲಿ ರೈಲುದಾರಿಗೆ ನೆಲ ಅಗೆದಾಗ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿತ್ತೆಂದು ಕಾಲೇಜಿನಲ್ಲಿ ಕೇಳಿದ್ದೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಅಂಥ ನಾಣ್ಯಗಳಿಗೆ ನಮ್ಮ ಹೆಂಗಸರು ತೂತು ಹಾಕಿಸಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು.

ಪಂಚಾಕ್ಷರಿಯವರು ತೋಳದ ಕಾಸನ್ನು ಟವಲಿನ ಮೇಲೆ ಮೆಲ್ಲಗೆ ಮಗುಚಿದರು. ಆಮೇಲೆ, "ನಮ್ಮ ದುರ್ಗದಾಗೂ ಸಿಕ್ಕಾವ್ರಿ," ಅಂದರು. "ಚಂದ್ರವಳ್ಳಿ ಕೆರೆ ದಂಡೇಲಿ ಅಗೀತಿದ್ದಾಗ ಸ್ಕೂಲು ತಪ್ಪಿಸಿ ನೋಡಾಕೆ ಹೋಗಿದ್ದೆ. ಹತ್ರ ಬಿಡ್ಲಿಲ್ಲ. ಅಲ್ಲಿ ರೋಮಿನ ದೊರೆ ಕಾಸು ಸಿಕ್ಕಿತು ಅಂತ ಆಮೇಲೆ ಕೇಳಿದ್ದು. ಅಷ್ಟು ದೂರದಿಂದ ನಮ್ಮೂರ ಕೆರೆಗೆ ಬಂದು ಬಿದ್ದೈತಲ್ಲ, ಒಂದು ಮಾತಾಡಿಸಿ ಬರಬೇಕಿತ್ತು ಅನ್ನಿಸ್ತಿತ್ತು."

ಆ ದಿನ ಅವರು ಮೂರೂ ಕಾರ್ಡುಗಳ ಕೊನೆಯ ಸಾಲಿನಲ್ಲಿ ಪೆನ್ಸಿಲಿನಿಂದ, ಹಗುರವಾಗಿ, ಬರೆದರು: ಹಿಂದೂಸ್ತಾನದ ಮೂಲಕ?

ಹೇಗೆ ಎಂದು ನಾವು ಹೆಚ್ಚು ಕೆದಕಲಿಲ್ಲ. ಯಾವ ಹಡಗು, ಯಾವ ಕಾಲ, ಯಾರ ಕೊರಳು. ಅವರಿಗೂ ನನಗೂ ಅದು ಬೇಕಾಗಿತ್ತು. ರೋಮಿನಲ್ಲಿ ಹುಟ್ಟಿ, ನಮ್ಮೂರಲ್ಲಿ ಬಾಳಿ, ಕೊನೆಗೆ ಜರ್ಸಿಯ ಮರಳಲ್ಲಿ ಯಾರಿಗೂ ಗುರುತು ಸಿಗದೆ ಬಿದ್ದಿರುವ ಕಾಸು. ಆ ಚಳಿಗಾಲವೆಲ್ಲ ನಮ್ಮ ಭಾನುವಾರಗಳು ಅದರ ಸುತ್ತ ತಿರುಗಿದವು. ಮುಕುಂದ್ ಸೋಫಾದಲ್ಲಿ ಫುಟ್‌ಬಾಲ್ ನೋಡುತ್ತ, "ಏನ್ರಿ, ಇವತ್ತು ನಿಮ್ಮ ಕಾಸು ಮೈಸೂರು ದಾಟಿತಾ?" ಎಂದು ಚುಡಾಯಿಸುತ್ತಿದ್ದರು. ವಾರದ ಆರು ದಿನ ನಾನು ಆ ಏಳನೆಯ ದಿನಕ್ಕೆ ಪಲ್ಯ ಯಾವುದು ಮಾಡಲಿ ಎಂದು ಯೋಚಿಸುತ್ತಿದ್ದೆ.

ಸುಳ್ಳನ್ನು ಕಂಡುಹಿಡಿದವರು ಅವರೇ. ಫೆಬ್ರವರಿಯಲ್ಲಿ ಶಾಲೆಯ ಬಾಯ್ಲರ್ ರಿಪೇರಿಗೆಂದು ತಂದ ಡ್ರಿಲ್ಲಿನ ಮೊನೆಗಳು ಕಿಸೆಯಲ್ಲೇ ಉಳಿದಿದ್ದವು. ನಮ್ಮ ಮೇಜಿನ ಮೇಲೆ ಸುಮ್ಮನೆ ಒಂದು ಮೊನೆಯನ್ನು ಸಿಪಾಯಿ ಕಾಸಿನ ತೂತಿಗೆ ತೂರಿಸಿದರು. ಬಿಗಿಯಾಗಿ ಕೂತಿತು. ತೋಳದ ಕಾಸಿಗೆ ತೂರಿಸಿದರು, ಅದಕ್ಕೂ. ನಾಲ್ಕಕ್ಕೂ.

"ಒಂದಿಂಚಿನ ಹದಿನಾರನೇ ಒಂದು ಪಾಲು," ಅಂದರು. ದನಿ ಎಂದಿನಷ್ಟು ಜೋರಾಗಿರಲಿಲ್ಲ. "ನಮ್ಮ ಅಕ್ಕಸಾಲಿ ಉಳಿ ಇಟ್ಟು ಹೊಡೀತಾನೆ. ಹಿಂದ್ಗಡೆ ತುಟಿ ಏಳ್ತದೆ, ತೂತು ಸೊಟ್ಟ ಇರ್ತದೆ. ಇದು ಮಿಷೀನಿಂದು. ಈ ಕಾಲದ್ದು. ಈ ದೇಶದ ಅಳತೆ."

"ಇರಲಿ ಬಿಡಿ, ಆಮೇಲೆ ಯಾರೋ ದೊಡ್ಡದು ಮಾಡಿರಬಹುದು," ಅಂದೆ ನಾನು. ಅವರು ನನ್ನ ತುಟಿ ನೋಡಲಿಲ್ಲ. ರಬ್ಬರು ಕೇಳಿದರು. ವಿಜಿಯ ಬಣ್ಣದ ಪೆಟ್ಟಿಗೆಯಿಂದ ತಂದುಕೊಟ್ಟೆ. ಮೂರು ಕಾರ್ಡಿನ ಕೊನೆಯ ಸಾಲನ್ನೂ ಅಳಿಸಿ, ಪುಡಿಯನ್ನು ಅಂಗೈಗೆ ಒರೆಸಿಕೊಂಡು, ಕಸದ ಬುಟ್ಟಿ ಎಲ್ಲಿ ಎಂದು ಕೇಳಿದರು.

ಮಾರ್ಚಿನಲ್ಲಿ ಉಳಿದದ್ದೂ ತಿಳಿಯಿತು. ಅದೇ ಜಾಗದಲ್ಲಿ ಕಪ್ಪಗಾದ ಒಂದು ಬೆಳ್ಳಿಯ ಬಿಲ್ಲೆ ಸಿಕ್ಕಿತು, ಅದೇ ಅಳತೆಯ ತೂತು. ಅದರ ಮೇಲೆ ಕೊರೆದದ್ದು ಎರಡೇ ಸಾಲು: ರೋಸ್. ನೇಪಲ್ಸ್ 1944. ಯುದ್ಧಕ್ಕೆ ಹೋದ ಯಾರೋ ಸಿಪಾಯಿ ಇಟಲಿಯ ಬೀದಿಯಲ್ಲಿ ಹಳೆಯ ಕಾಸು ಕೊಂಡು, ಇಲ್ಲಿಗೆ ಬಂದ ಮೇಲೆ ತೂತು ಕೊರೆಸಿ, ರೋಸ್ ಎಂಬುವಳಿಗೆ ಕೈಸರಪಳಿ ಮಾಡಿಸಿಕೊಟ್ಟಿದ್ದ. ಅಷ್ಟೇ.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಟ್ಟುಬಿಡುತ್ತಿದ್ದರು. ಪಂಚಾಕ್ಷರಿಯವರು ಬಿಲ್ಲೆಯನ್ನು ಹಿಡಿದುಕೊಂಡು ಕೀನ್ಸ್‌ಬರ್ಗ್‌ನ ಅಂಗಡಿ ಅಂಗಡಿಗೆ ಹೋದರು. ಹೇಳಬೇಕಾದದ್ದನ್ನು ಕಾಗದದಲ್ಲಿ ಬರೆದು ತೋರಿಸುತ್ತ ಹೋದರು. ಮೀನಿನ ಗಾಳಕ್ಕೆ ಹುಳು ಮಾರುವ ಮುದುಕಿಯೊಬ್ಬಳಿಗೆ ಗೊತ್ತಾಯಿತು, ಅವಳೂ ಕಾಗದದಲ್ಲೇ ಬರೆದು ತಿಳಿಸಿದಳು. ರೋಸ್ ಮಾಟುರೊ, ಬೇಸಿಗೆಗೆ ಇಲ್ಲಿ ಬಂದು ಇರುತ್ತಿದ್ದಳು, ಕೈಸರಪಳಿ ಕಳೆದುಕೊಂಡು ಆ ಬೇಸಿಗೆಯೆಲ್ಲ ಅತ್ತಿದ್ದಳು, ಗಂಡ ಟೋನಿ ಸತ್ತು ವರ್ಷಗಳಾದವು, ಈಗ ಬೇಯಾನ್‌ನಲ್ಲಿ ಒಬ್ಬಳೇ ಇದ್ದಾಳೆ. ಮನೆಯ ವಿಳಾಸ ಆಕೆಗೆ ಗೊತ್ತಿರಲಿಲ್ಲ. ಫೋನ್ ನಂಬರು ಮಾತ್ರ ಬರೆದುಕೊಟ್ಟಳು.

ಪಂಚಾಕ್ಷರಿಯವರು ಅದನ್ನು ತಂದು ನನ್ನ ಮುಂದಿಟ್ಟರು.

"ನನಗೆ ಫೋನು ಕೇಳಲ್ಲ ಕೌಸಲ್ಯಮ್ಮ. ನೀವು ಮಾಡ್ರಿ. ಅವರ ವಸ್ತು ಐತೆ, ಬಂದು ಕೊಡ್ತೀನಿ ಅಂತ ಹೇಳಿದರೆ ಸಾಕು."

"ಮುಕುಂದ್ ಮಾಡ್ತಾರೆ."

"ಗಂಡಸು ಫೋನ್ ಮಾಡಿದರೆ ಒಂಟಿ ಹೆಂಗಸು ಹೆದರ್ಕಂತಾಳೆ. ನೀವೇ ಸರಿ."

ಮುಂದಿನ ಭಾನುವಾರ ಬಂದಾಗ ಬಾಗಿಲಲ್ಲೇ ಹುಬ್ಬೇರಿಸಿದರು. ನಾನು ತಲೆಯಾಡಿಸಿದೆ. "ನಾಳೆ ಮಾಡ್ತೀನಿ." ಅದರ ಮುಂದಿನ ಭಾನುವಾರವೂ ಅದೇ. ಫೋನಿನ ಹೆದರಿಕೆ ಇದ್ದೇ ಇತ್ತು. ಯಾರೋ ಏನೋ, ನನ್ನ ಇಂಗ್ಲಿಷ್ ಅವರಿಗೆ ತಿಳಿಯದೆ, ಪೊಲೀಸರಿಗೆ ಹೇಳಿದರೆ? ಇವರೇ ಕದ್ದದ್ದು ಅಂದುಕೊಂಡರೆ? ಆದರೆ ಒಗೆದ ಬಟ್ಟೆ ಮಡಿಸುವಾಗ, ಪಾತ್ರೆ ಒರೆಸುವಾಗ ಎದೆಗೆ ಬಂದು ಕೂರುತ್ತಿದ್ದದ್ದು ಬೇರೆ. ನಾನು ಆ ಏಳು ಅಂಕಿ ತಿರುಗಿಸಿದರೆ ಕಾಸುಗಳು ಹೋಗುತ್ತವೆ. ಕಾಸು ಹೋದರೆ ಟವಲು, ಭೂತಗನ್ನಡಿ, ಕಾರ್ಡು ಹೋಗುತ್ತವೆ. ಆಮೇಲೆ ಪಂಚಾಕ್ಷರಿಯವರು ಭಾನುವಾರ ಯಾತಕ್ಕೆ ಬರಬೇಕು? ಬಂದರೂ ಊಟ ಮಾಡಿ, ಚೆನ್ನಾಗಿತ್ತು ಎಂದು ಹೇಳಿ, ಹೋಗುತ್ತಾರೆ. ಊಟ ಹಾಕುವವರ ಮನೆಗೆ ಬರುವುದು ಬೇರೆ. ಕೆಲಸವಿದ್ದು ಬರುವುದು ಬೇರೆ. ಆ ಮನುಷ್ಯನಿಗೆ ಇರುವುದು ಆ ನಾಲ್ಕು ಕಾಸು. ನನಗಿದ್ದದ್ದು ಆ ಮನುಷ್ಯ ಬರುವ ಒಂದು ದಿನ.

ಏಪ್ರಿಲಿನಲ್ಲಿ ಅವರು ಬರುವುದು ನಿಂತಿತು. ಒಂದು ಭಾನುವಾರ ಕಾದು, ಮಾಡಿಟ್ಟ ಹುಳಿ ಆರಿಸಿ ಫ್ರಿಜ್ಜಿಗಿಟ್ಟೆ. ಎರಡನೆಯ ಭಾನುವಾರ ನಾನು ಊಟವನ್ನೇ ಮಾಡಲಿಲ್ಲ. ಸಮುದ್ರ, ಅಲೆ, ನಾಯಿ, ಜಾರುವ ಕಲ್ಲು. ಫೋನ್ ಮಾಡಿ ವಿಚಾರಿಸೋಣ ಎಂದರೆ ಅವರ ಕೋಣೆಯಲ್ಲಿ ಫೋನು ಬಾರಿಸಿದರೂ ಅವರಿಗೆ ತಿಳಿಯುವುದಿಲ್ಲ. ನನ್ನ ಮುಖ ನೋಡಲಾರದೆ ಮುಕುಂದ್ ಅಂದೇ ಸಂಜೆ ಪಸಾಯಿಕ್‌ಗೆ ಡ್ರೈವ್ ಮಾಡಿಕೊಂಡು ಹೋದರು. ವಾಪಸು ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತ ಹೇಳಿದರು.

"ಚೆನ್ನಾಗೇ ಇದಾರೆ ಮಾರಾಯ್ತಿ. ಅವಲಕ್ಕಿ ತಿಂತಾ ಕೂತಿದ್ದರು. ಮಿಷೀನು ಬಾಗಿಲ ಹಿಂದೆ ಒರಗಿಸಿದಾರೆ, ಹೋಗೇ ಇಲ್ಲವಂತೆ."

"ಯಾಕಂತೆ? ಮೈ ಹುಷಾರಿಲ್ವಾ?"

"ಕೇಳಿದೆ. 'ಇನ್ನೊಬ್ಬರ ವಸ್ತು ಮನೇಲಿಟ್ಕೊಂಡು ಇನ್ನೂ ಹುಡುಕೋದು ಹೆಂಗಪ್ಪ' ಅಂದ್ರು. ಕಾಸೆಲ್ಲ ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಕೋಟಿನ ಪಕ್ಕ ಇಟ್ಕೊಂಡಿದಾರೆ, ಈಗಲೇ ಎಲ್ಲಿಗೋ ಹೊರಡೋರ ಥರ." ಮುಕುಂದ್ ಇನ್ನೊಂದು ಬೂಟು ಬಿಚ್ಚಿದರು. "ನಮ್ಮನೆಗಾದರೂ ಬನ್ನಿ ಅಂದೆ. 'ಕೌಸಲ್ಯಮ್ಮನಿಗೆ ಭಾನುವಾರ ಭಾನುವಾರ ಮುಖ ತೋರಿಸಿ ಬಲವಂತ ಮಾಡಿದಂಗೆ ಆಗ್ತದೆ, ಅವರು ಫೋನ್ ಮಾಡಿದ ಮೇಲೆ ಬರ್ತೀನಿ' ಅಂದ್ರು. ನೀನು ಮಾಡದಿದ್ದರೆ ನಾನೇ ಮಾಡ್ತೀನಿ ಕೊಡು."

"ಬೇಡ," ಅಂದೆ.

ಮರುದಿನ ಬೆಳಿಗ್ಗೆ ಮುಕುಂದ್ ಹೋದ ಮೇಲೆ ವಿಜಿಯನ್ನು ಟೀವಿ ಮುಂದೆ ಕೂರಿಸಿದೆ. ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿಕೊಂಡೆ. ನಂಬರು ತಿರುಗಿಸುವಾಗ ಬೆರಳು ಎರಡು ಸಲ ಜಾರಿತು, ಮೊದಲಿಂದ ತಿರುಗಿಸಿದೆ. ಅಲ್ಲಿ ಗಂಟೆ ಬಡಿಯುತ್ತಲೇ ಇತ್ತು. ಮನೆಯಲ್ಲಿಲ್ಲ ಎಂದು ಸಮಾಧಾನವಾಗುತ್ತಿದ್ದ ಹಾಗೆ ಯಾರೋ ಎತ್ತಿದರು.

"ಯಾರು?" ಒರಟು ದನಿ. ಹಿಂದೆ ರೇಡಿಯೋ.

"ಮಿಸೆಸ್ ಮಾಟುರೊ? ನನ್ನ ಹೆಸರು ಕೌಸಲ್ಯಾ..."

"ನನಗೇನೂ ಬೇಡ. ಏನೂ ಕೊಳ್ಳಲ್ಲ."

"ಮಾರೋಕಲ್ಲ," ಅಂದೆ. ಸಾಲಾಗಿ ನಿಲ್ಲಿಸಿದ್ದ ವಾಕ್ಯಗಳೆಲ್ಲ ಓಡಿಹೋದವು. "ಕೀನ್ಸ್‌ಬರ್ಗ್. ಕಾಸು. ನೇಪಲ್ಸ್. ನಮ್ಮವರೊಬ್ಬರಿಗೆ ಮರಳಿನಲ್ಲಿ ಸಿಕ್ಕಿದೆ. ನಿಮ್ಮ ಹೆಸರಿದೆ ಅದರ ಮೇಲೆ."

ರೇಡಿಯೋ ನಿಂತಿತು. ಫೋನ್ ಇಟ್ಟುಬಿಟ್ಟರೇನೋ ಎಂದು ನಾನು "ಹಲೋ, ಹಲೋ" ಅಂದೆ.

"ಇದ್ದೀನಿ," ಅಂದರು. "ಇನ್ನೊಂದು ಸಲ ಹೇಳು. ನಿಧಾನವಾಗಿ."

ಹೇಳಿದೆ. ಈ ಸಲ ಎಲ್ಲ ಹೇಳಿದೆ. ತೋಳ, ಇಬ್ಬರು ಸಿಪಾಯಿಗಳು, ಹಡಗಿನ ಮೇಲಿನ ದೇವತೆ, ಮುಖ ಅಳಿಸಿಹೋದ ಇನ್ನೊಂದು. ಅದನ್ನು ಅವರು ಒಳ್ಳೆಯದಾಗಲಿ ಎಂದು ತೊಳೆದರು, ಬೇಕೆಂದು ಮಾಡಿದ್ದಲ್ಲ. ನೀವು ಕಳೆದುಕೊಂಡದ್ದಕ್ಕೆ ಬಹಳ ಅತ್ತಿರಂತೆ, ಅಂಗಡಿಯವರು ಹೇಳಿದರು... ಎಂದು ಹೇಳುತ್ತಿದ್ದಂತೆ ಆಕೆ ತಡೆದರು.

"ಕಳೆದುಕೊಂಡದ್ದಲ್ಲ. ನಾನೇ ಎಸೆದದ್ದು."

ನನಗೆ ಸರಿಯಾಗಿ ಕೇಳಲಿಲ್ಲವೇನೋ ಅಂದುಕೊಂಡೆ.

"ಟೋನಿಗೂ ನನಗೂ ಅವತ್ತು ಜಗಳ. ಯಾತಕ್ಕೆ ಅಂತ ಈಗ ನೆನಪಿಲ್ಲ ಅಂದರೆ ನಂಬ್ತೀಯಾ? ಕೈಯಿಂದ ಕಿತ್ತು ನೀರಿಗೆ ಎಸೆದೆ. ಅವನ ಕಣ್ಣೆದುರಿಗೇ. ಎಲ್ಲರಿಗೂ ಕಳೆದುಹೋಯಿತು ಅಂತ ಹೇಳಿದವನು ಅವನು. ಸಾಯೋ ತನಕ ಹಾಗೇ ಹೇಳಿದ." ಆಕೆ ಮೂಗು ಒರೆಸಿಕೊಂಡ ಸದ್ದು ಕೇಳಿತು. "ಅತ್ತದ್ದು ನಿಜ. ಅದು ಸುಳ್ಳಲ್ಲ."

"ಅವನ್ನು ಎಲ್ಲಿಗೆ ತಂದುಕೊಡಬೇಕು?" ಎಂದು ಕೇಳಿದೆ.

"ಎಷ್ಟಿವೆ ಅಂದೆ?"

"ನಾಲ್ಕು. ಮತ್ತೆ ಹೆಸರಿನ ಬಿಲ್ಲೆ."

"ಏಳಿದ್ದವು. ಎಲ್ಲಿ ಹುಡುಕ್ತಿದಾನೆ ಆ ಮನುಷ್ಯ?"

ಕಾರ್ಡಿನಲ್ಲಿ ಪಂಚಾಕ್ಷರಿಯವರು ಬರೆದದ್ದು ನನಗೆ ಬಾಯಿಪಾಠ. "ಮುರಿದ ಕಲ್ಲಿನ ಕಟ್ಟೆಯಿಂದ ಪೂರ್ವಕ್ಕೆ, ಅಲೆ ಬಂದು ನಿಲ್ಲುವ ಗೆರೆಯ ಕೆಳಗೆ."

"ಅಲ್ಲಿಗೆ ಅವು ಉರುಳಿ ಬಂದಿವೆ. ನಾನು ನಿಂತಿದ್ದದ್ದು ಆ ಕಡೆಯಲ್ಲ." ಒರಟುತನವೆಲ್ಲ ಹೋಗಿ, ಎಲ್ಲಿಯೋ ಕಣ್ಣು ನೆಟ್ಟು ಮಾತಾಡುವವರ ದನಿ ಅದು. "ಅವನನ್ನು ಫೋನಿಗೆ ಕರಿ. ನಾನೇ ಹೇಳ್ತೀನಿ."

"ಅವರಿಗೆ ಫೋನ್ ಕೇಳಿಸಲ್ಲ, ಮಿಸೆಸ್ ಮಾಟುರೊ. ನನಗೆ ಹೇಳಿ. ನಾನು ಅವರಿಗೆ ಹೇಳ್ತೀನಿ."

"ಮೊದಲು ಎಲ್ಲಾ ಸಿಗಲಿ. ತಂದುಕೊಡೋದು ಆಮೇಲೆ ನೋಡೋಣ. ಭಾನುವಾರ ಚರ್ಚ್ ಮುಗಿದ ಮೇಲೆ ನನಗೇನೂ ಕೆಲಸ ಇರಲ್ಲ, ಯಾರಾದರೂ ಕಾರಿನಲ್ಲಿ ಕರಕೊಂಡು ಹೋದರೆ ನಿಂತು ತೋರಿಸ್ತೀನಿ. ಈಗ ಬರೆದುಕೋ. ಪೆನ್ಸಿಲ್ ಇದೆಯಾ?"

ಫೋನಿನ ತಂತಿ ಎಳೆದುಕೊಂಡು ಮೇಜಿನವರೆಗೂ ಹೋದೆ. ವಿಜಿ ಬರೆದ ಯಾವುದೋ ಚಿತ್ರದ ಹಿಂಬದಿ ಖಾಲಿಯಿತ್ತು.

"ಇದೆ," ಅಂದೆ. "ಹೇಳಿ."